ಮಾತಾಡಿಸಲು ಬಂದವರ ಮುಂದೆ ನಡೆದ ಸಂಗತಿಯ ಕುರಿತು

ಈ ಬರಹದ ಮೂಲಕ ತಿಳಿಸಬಯಸುವುದೇನೆಂದರೆ, ಅರ್ಜಿಗಳ ಹೊರತು ಬೇರೇನನ್ನೂ ಬರೆದು ನನಗೆ ರೂಢಿಯಿಲ್ಲ. ಸುಡಾನಿನಿಂದ ಮಗಳೊಂದಿಗೆ ಲಕ್ಷ್ಮೇಶ್ವರದ ಅತ್ತೆಯ ಮನೆಗೆ ಬಂದಂದಿನಿಂದ ಪಡಿತರ ಚೀಟಿಗೆ, ಶಾಲೆಗೆ, ಪತಿಯ ಮರಣ ಪ್ರಮಾಣಪತ್ರಕ್ಕೆ ಅರ್ಜಿ ಬರೆದಿದ್ದೇನೆ. ಅವುಗಳಲ್ಲಿ ಈ ಸಂಗತಿಗೆ ಜಾಗವಿರಲಿಲ್ಲ. ತಪ್ಪಿದ್ದಲ್ಲಿ ಮನ್ನಿಸಬೇಕು.

ನನ್ನ ಪತಿ ಅಲ್ಲಿನ ಸಾಬೂನು ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಯುದ್ಧ ಆರಂಭವಾದ ಮೂರನೆಯ ವಾರ ಬಂದೂಕುಧಾರಿಗಳು ನಮ್ಮ ಬಾಗಿಲು ಒಡೆದು, ಗಾಡಿಯ ಕೀಲಿ ಕೇಳಿದರು. ಗಾಡಿ ಇಲ್ಲವೆಂದಾಗ ಬಂದೂಕಿನ ಹಿಡಿಯಿಂದ ಪತಿಯ ದವಡೆ ಮುರಿದರು. ಅಡ್ಡ ಬಂದ ಏಳು ವರ್ಷದ ಮಗಳ ಹಣೆ ಅದೇ ಹಿಡಿಗೆ ಸಿಕ್ಕು ಸೀಳಿತು. ಪತಿಯನ್ನು ಮೆಟ್ಟಿಲವರೆಗೆ ಎಳೆದೊಯ್ದು ಎರಡು ಗುಂಡು ಹಾರಿಸಿದರು. ಶವವನ್ನು ಅಲ್ಲಿಯೇ ಬಿಟ್ಟು ನೆರೆಯವರ ಟ್ರಕ್ಕಿನಲ್ಲಿ ಓಡಿದೆವು. ಮಗಳು ಅಂದೇ ಮಾತು ಬಿಟ್ಟಳು.

ಸಾವಾದ ಮನೆಗೆ ಬಂದು ಮಾತಾಡಿಸಿ ಹೋಗುವುದು ನಮ್ಮ ಕಡೆಯ ಪದ್ಧತಿ. ಬಂದವರಿಗೆ ಸಾವು ಹೇಗಾಯಿತೆಂದು ಮೊದಲಿನಿಂದ ಹೇಳಬೇಕು. ಡಂಬಳದಿಂದ, ಬಾಳೆಹೊಸೂರಿನಿಂದ ಬಂಧುಗಳು ಬಂದರು. ಅತ್ತೆಗೆ ಮಗನ ಮುಖ ನೋಡಲಾಗಲಿಲ್ಲ, ಮಣ್ಣು ಕೊಡಲಾಗಲಿಲ್ಲ. ಹೇಳುವುದೊಂದೇ ಅವರಿಗೆ ಉಳಿದಿತ್ತು. ಸದರಿ ವಿವರಗಳನ್ನು ಅವರಿಗೆ ಒದಗಿಸಿದವಳು ನಾನೇ. ಅವರು "ಒಂದು ಗುಂಡು" ಎಂದು ತಪ್ಪಿದರೆ, "ಎರಡ್ರೀ ಅತ್ತಿ" ಎಂದು ಅಡುಗೆಮನೆಯಿಂದಲೇ ತಿದ್ದುತ್ತಿದ್ದೆ. "ಬಾ, ಆಯಿ ಹತ್ರ ಕೂಡು" ಎಂದು ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹಣೆಯ ಗಾಯ ತೋರಿಸುತ್ತಿದ್ದರು. ಬಂದವರು ಅದನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಮಗಳು ಹಾಸಿಗೆ ಒದ್ದೆ ಮಾಡತೊಡಗಿದಳು. ತನ್ನ ತೋಳನ್ನು ತಾನೇ ರಕ್ತ ಬರುವಂತೆ ಕಚ್ಚಿಕೊಳ್ಳುತ್ತಿದ್ದಳು.

ಗದಗಿನ ವೈದ್ಯರು ಪರೀಕ್ಷಿಸಿ, "ಗಂಟಲದಾಗ ಏನೂ ಇಲ್ರಿ. ಮನಿಗೆ ದಿನಾ ಎಷ್ಟ ಮಂದಿ ಬರ್ತಾರ?" ಎಂದು ಕೇಳಿದರು. ಆಕೆಯ ಮುಂದೆ ಆ ಸುದ್ದಿ ಎತ್ತಬಾರದು, ಇಲ್ಲವಾದರೆ ಮಾತು ಮರಳುವುದು ಕಷ್ಟ ಎಂದರು. ಅತ್ತೆಗೆ ತಿಳಿಸಿದೆ.

"ಮಾತಾಡ್ಸಾಕ ಬಂದವರಿಗೆ ಬಾಗಲಾ ಹಾಕಂತೀಯೇನ? ನನ್ನ ಮಗಾ ಅಂವ. ಹೇಳದಿದ್ರ ನನ್ನ ಎದಿ ಒಡದ ಹೋಗ್ತೈತಿ."

ನಾನು ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ಮುಂದಿನ ಸೋಮವಾರ ಮುಂಡರಗಿಯಿಂದ ಅತ್ತೆಯ ತಂಗಿ ಬಂದರು. ಅತ್ತು ಅತ್ತು ಅತ್ತೆಯ ಧ್ವನಿ ಬಿದ್ದಿತ್ತು. "ನೀನ ಹೇಳವಾ" ಎಂದು ಪಿಸುಗುಟ್ಟಿದರು. ವೈದ್ಯರ ಮಾತು ನೆನಪಿದ್ದೂ ನಾನು ಆರಂಭಿಸಿದೆ. ಮಗಳು ಅಲ್ಲಿಯೇ ಇದ್ದಳು.

"ಮಾರಿಗೆ ಹೊಡದ್ರೋ, ಎದಿಗೋ?" ಎಂದು ಆ ತಂಗಿ ಕೇಳಿದರು.

"ಮೊದಲನೇದು ಎದಿಗ್ರೀ" ಎನ್ನುವಷ್ಟರಲ್ಲಿ ನೀರು ತುಂಬಿದ ಹಿತ್ತಾಳೆ ತಂಬಿಗೆ ನನ್ನ ಹಣೆಗೆ ಬಡಿಯಿತು. ಎಸೆದವಳು ಮಗಳು. ಬಿದ್ದ ತಂಬಿಗೆಯನ್ನು ಎತ್ತಿಕೊಂಡು ಮತ್ತೆ ಹೊಡೆದಳು. ಮೂರನೆಯ ಏಟಿಗೆ ಅತ್ತೆ ಅವಳ ಕೈ ಹಿಡಿದರು. ರಕ್ತ ಕಣ್ಣಿಗಿಳಿದು ನನಗೇನೂ ಕಾಣಲಿಲ್ಲ. ಆಸ್ಪತ್ರೆಯಲ್ಲಿ ನಾಲ್ಕು ಹೊಲಿಗೆ ಹಾಕಿದರು.

ಮರುದಿನ ಓಣಿಯ ಹೆಂಗಸೊಬ್ಬರು ನನ್ನನ್ನು ಮಾತಾಡಿಸಲು ಬಂದರು. ಅತ್ತೆ ಮೊಮ್ಮಗಳನ್ನು ಹೊರಗೆ ಕರೆಯಲಿಲ್ಲ.

"ಬಚ್ಚಲದಾಗ ಜಾರಿ ಬಿದ್ಲು. ಅಷ್ಟ" ಎಂದರು ಅತ್ತೆ.

"ನಿಮ್ಮ ಬಚ್ಚಲಾ ಭಾಳ ಶಾಣ್ಯಾ ಐತಿ ಬಿಡ್ರಿ, ನಡು ಹಣಿ ನೋಡೇ ಬಡದೈತಿ" ಎಂದು ಆಕೆ ನಕ್ಕರು.

ಬಾಗಿಲ ಮರೆಯಿಂದ ಒಡಕು ಧ್ವನಿಯೊಂದು ಬಂತು.

"ಆಯಿ ಸುಳ್ಳ ಹೇಳ್ತಾಳ. ನಾ ಹೊಡದೇನಿ."

ಅತ್ತೆ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ಬಂದಾಕೆ ಬಾಗಿಲ ಕಡೆ ತಿರುಗಿ "ಯಾಕವಾ, ಏನಾತು?" ಎಂದರು. ಅತ್ತೆ ಕೈ ಅಡ್ಡ ಹಿಡಿದರು.

"ಅದನ್ನ ಕೇಳಬ್ಯಾಡ್ರಿ. ನಿಮ್ಮ ಎಮ್ಮಿ ಈದೈತೇನ?"

ಎಮ್ಮೆ ಈದಿತ್ತು. ಆಕೆ ಅದನ್ನು ಮೊದಲಿನಿಂದ ಹೇಳತೊಡಗಿದರು. ಮಗಳು ಹೊರಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ಕುಳಿತಳು.