ಮಾಚಯ್ಯನವರು ಅಡ್ಡ ಹಿಡಿಯುವ ಪೇಪರು

ನೋಯ್ಡಾದ ನಮ್ಮ ಪಕ್ಕದ ಫ್ಲಾಟಿನ ನಿವೃತ್ತ ಮೇಜರ್ ಮಾಚಯ್ಯನವರು ಟಿ.ವಿ.ಯ ಕೋರ್ಟ್ ಧಾರಾವಾಹಿಯನ್ನು ವರ್ಷಗಳಿಂದ ಬೈಯುತ್ತಲೇ ನೋಡುತ್ತಿದ್ದಾರೆ. ತೆರೆಯ ಮೇಲೆ ಜಡ್ಜ್ ಬಂದರೆ ತಾವೂ ಎದ್ದು ನಿಂತು, ಟೀ ಕುಡಿಯುತ್ತಿರುವ ನನ್ನನ್ನೂ ಎಬ್ಬಿಸುತ್ತಾರೆ. ವಕೀಲರು ಕೂಗಾಡಿದರೆ "ಶಿಸ್ತೇ ಇಲ್ಲ" ಎಂದು ಅವರಿಗಿಂತ ಜೋರಾಗಿ ಕೂಗುತ್ತಾರೆ. ತೀರ್ಪು ಬರುವ ಮುಂಚೆ ಟಿ.ವಿ.ಯ ಬಾಯಿ ಮುಚ್ಚಿಸಿ ನಮ್ಮೆಲ್ಲರ ತೀರ್ಪು ಕೇಳುತ್ತಾರೆ. ಸೈನ್ಯದ ಕೋರ್ಟಿನಲ್ಲಿರುವಂತೆ, ಹಿರಿಯರ ಮಾತಿಗೆ ತಲೆಯಾಡಿಸದಿರಲೆಂದು ಕಿರಿಯರು ಮೊದಲು ಹೇಳಬೇಕು. "ತಾತ, ಅವನು ಬಿಲ್ಕುಲ್ ಇನೊಸೆಂಟ್" ಎನ್ನುತ್ತಾಳೆ ಮೊಮ್ಮಗಳು ತಾನ್ಯಾ. "ಜೈಲಿಗೆ ಹಾಕಲಿ" ಎನ್ನುತ್ತಾರೆ ಹೆಂಡತಿ ಬೊಳ್ಳಮ್ಮ. ತಾನ್ಯಾ ಹೇಳುವಾಗ ಮಾತ್ರ ಮಾಚಯ್ಯನವರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಯಾಕೆಂದು ಕೇಳಿದ್ದಕ್ಕೆ ಬೊಳ್ಳಮ್ಮ ದನಿ ತಗ್ಗಿಸಿದರು: "ಹಿಂದೆ ಸೈನ್ಯದಲ್ಲಿ ಒಬ್ಬ ಸಿಪಾಯಿಯ ವಿಚಾರಣೆಯಲ್ಲಿ, ತೀರ್ಪು ಕೊಡುವವರಲ್ಲಿ ಇವರೇ ಎಲ್ಲರಿಗಿಂತ ಕಿರಿಯರು. ಮೊದಲು ಹೇಳಬೇಕಾದವರು, ಅಧ್ಯಕ್ಷರಾಗಿದ್ದ ಕರ್ನಲ್ ಮುಖ ನೋಡಿ 'ಗಿಲ್ಟಿ' ಅಂದುಬಿಟ್ಟರು."