ಅಮ್ಮ ಹೊರಟ ಮನೆ

ಕೋಪರಿಯ ನಮ್ಮ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋದಾಗ ಅಮ್ಮನಿಗೆ ಎಂಬತ್ತರ ಹತ್ತಿರ. ಮದುವೆಯಾಗಿ ಉಡುಪಿಯಿಂದ ಬಂದ ದಿನದಿಂದಲೂ ಅವಳು ಇದ್ದದ್ದು ಅಲ್ಲೇ, ಲಿಫ್ಟ್ ಇಲ್ಲದ ಆ ಕಟ್ಟಡದ ಎರಡನೇ ಮಾಳಿಗೆಯಲ್ಲಿ. ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದ ಅಪ್ಪ ತೀರಿಕೊಂಡದ್ದೂ ಅದೇ ಮನೆಯಲ್ಲಿ. ನೆರೆಯವರೆಲ್ಲ ಹೆಗಲು ಕೊಟ್ಟು ಆ ಇಕ್ಕಟ್ಟಿನ ಮೆಟ್ಟಿಲಲ್ಲಿ ಅವರನ್ನು ಇಳಿಸಿದ್ದರು. ಅಂದು ರಾತ್ರಿಯೇ ಅಮ್ಮ ಹೇಳಿದ್ದಳು, "ನನ್ನದೂ ಹೀಗೇ ಆಗಬೇಕು ಮಗಳೇ. ಇಲ್ಲಿಂದಲೇ ಹೊರಡಬೇಕು."

ಕಟ್ಟಡ ಖಾಲಿ ಮಾಡುವ ಹೊತ್ತಿಗೆ ಅವಳು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡು, ಗಾಲಿಕುರ್ಚಿಗೆ ಬಂದಿದ್ದಳು. ಐರೋಲಿಯ ನನ್ನ ಮನೆ ಒಂದು ಬೆಡ್‌ರೂಮಿನದು. ನಾನು, ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಅಮ್ಮನೇ ತೀರ್ಮಾನಿಸಿಬಿಟ್ಟಳು. "ಮೂರು ವರ್ಷದ ಮಾತಲ್ವಾ? ಕಟ್ಟಡ ಆದ ಕೂಡಲೇ ಹೋಗ್ತೇನೆ. ಅಲ್ಲಿವರೆಗೆ ಎಲ್ಲಾದರೂ ಇರ್ತೇನೆ."

ಹಾಗೆ ಅವಳು ವಾಶಿಯಿಂದ ಸ್ವಲ್ಪ ಆಚೆಗಿದ್ದ ಒಂದು ವೃದ್ಧರ ಹೋಮ್‌ಗೆ ಸೇರಿದಳು. ನಾನು ಆಫೀಸಿನಲ್ಲಿ 'ಅಸಿಸ್ಟೆಡ್ ಲಿವಿಂಗ್' ಅನ್ನುತ್ತಿದ್ದೆ. ಅವಳು ಫೋನಿನಲ್ಲಿ ಉಡುಪಿಯ ತಂಗಿಗೆ "ಆಶ್ರಮದಲ್ಲಿ ಇದ್ದೇನೆ" ಎಂದು ಸೀದಾ ಹೇಳುತ್ತಿದ್ದಳು. ಜಾಗ ಕೆಟ್ಟದ್ದೇನಲ್ಲ. ಸ್ನಾನ ಮಾಡಿಸುವವರಿದ್ದರು, ನರ್ಸ್ ಇದ್ದಳು, ಸಂಜೆ ಅಂಗಳದಲ್ಲಿ ಗಾಲಿಕುರ್ಚಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿದ್ದ ಮರಾಠಿ ಟೀಚರೊಬ್ಬರ ಜೊತೆ ಅವಳಿಗೆ ಸ್ನೇಹವಾಯಿತು. ಅವರು ಪೇಪರ್ ಓದಿ ಹೇಳುವುದು, ಅಮ್ಮ ಅವರ ಕೂದಲಿಗೆ ಎಣ್ಣೆ ಹಚ್ಚುವುದು.

ಭಾನುವಾರ ನಾನು ಹೋದ ಕೂಡಲೇ ಕೇಳುತ್ತಿದ್ದಳು, "ಎಷ್ಟು ಮಾಳಿಗೆ ಎದ್ದಿತು?"

ಎದ್ದದ್ದು ಕೆಲವು ಕಂಬಗಳು ಮಾತ್ರ. ಆಮೇಲೆ ಬಿಲ್ಡರ್ ಮತ್ತು ನಿವಾಸಿಗಳ ಸೊಸೈಟಿಯ ನಡುವೆ ಜಗಳವಾಗಿ ಕೇಸು ಕೋರ್ಟಿಗೆ ಹೋಯಿತು.

"ಕೆಲಸ ನಿಂತಿದೆ ಅಮ್ಮ," ಎಂದೆ ಒಂದು ಸಲ.

"ನಿಂತದ್ದು ಶುರುವಾಗ್ತದೆ," ಎಂದಳು. ನನ್ನನ್ನು ಸಮಾಧಾನ ಮಾಡುವ ಹಾಗಿತ್ತು ಆ ದನಿ.

ನಾಲ್ಕನೇ ವರ್ಷ ಟೀಚರ್ ತೀರಿಕೊಂಡರು. ಅಮ್ಮ ನನ್ನ ಆಫೀಸಿಗೆ ಫೋನ್ ಮಾಡಿ "ಇವತ್ತು ಬರ್ತೀಯಾ?" ಎಂದಳು. ಹಾಗೆ ಅವಳು ಎಂದೂ ಕರೆದವಳಲ್ಲ. ಅರ್ಧ ದಿನ ರಜೆ ಹಾಕಿ ಹೋದೆ.

"ನಮ್ಮನ್ನೆಲ್ಲ ಊಟದ ಹಾಲ್‌ಗೆ ಕರ್ಕೊಂಡು ಹೋಗಿ ಟಿವಿ ಜೋರು ಮಾಡಿದ್ರು," ಎಂದಳು. "ನಂಗೆ ಗೊತ್ತಾಯ್ತು. ಕಿಟಕಿ ಹತ್ರ ಕುರ್ಚಿ ತಳ್ಳಿಸಿಕೊಂಡು ನೋಡಿದೆ. ಹಿಂದಿನ ಗೇಟಿಂದ ತಕೊಂಡು ಹೋದ್ರು. ಕಸದ ಗಾಡಿ ಬರುವ ಗೇಟು ಅದು."

ನಾನು ಅವಳ ಕೈ ಹಿಡಿದುಕೊಂಡೆ.

"ಕೋಪರಿ ಇನ್ನು ಆಗ್ಲಿಕ್ಕಿಲ್ಲ ಅಂತ ಗೊತ್ತುಂಟು ನಂಗೆ. ನಿನ್ನ ಮನೆಗಾದ್ರೂ ಒಂದು ಗಂಟೆ ಕರ್ಕೊಂಡು ಹೋಗ್ತೀಯಾ? ನಾನು ಹೋದ ಮೇಲೆ."

"ಹೋದ ಮೇಲೆ ಯಾಕಮ್ಮ? ಈಗಲೇ ಬಾ. ಇವತ್ತೇ ಹೋಗೋಣ."

"ಈಗ ಬೇಡ ಮಾರಾಯ್ತಿ. ಬಚ್ಚಲಿಗೆ ಎತ್ತಿಕೊಂಡು ಹೋಗುವವರು ಯಾರು? ನಿನ್ನ ಬೆನ್ನು ಹೋಗ್ತದೆ. ಆಗ ಆದ್ರೆ ನಂಗೆ ಏನೂ ಬೇಡವಲ್ಲ. ಮಲಗಿಸಿದ್ರೆ ಆಯ್ತು."

ಆ ಸಂಜೆ ನಮ್ಮ ಸೊಸೈಟಿಯ ಲಿಫ್ಟಿನೊಳಗೆ ನಿಂತು ಎರಡೂ ಕೈ ಚಾಚಿ ನೋಡಿದೆ. ಎರಡು ಅಂಗೈಗಳೂ ಗೋಡೆಗೆ ತಾಗಿದವು. ವಾಚ್‌ಮನ್ ಬಂದು "ಕ್ಯಾ ಹುವಾ ಮೇಡಮ್?" ಎಂದ.

"ಇಸ್ ಮೇ ಸ್ಟ್ರೆಚರ್ ಆಯೇಗಾ?" ಇದರಲ್ಲಿ ಸ್ಟ್ರೆಚರ್ ಹಿಡಿಯುತ್ತದೆಯೇ ಎಂದು ಕೇಳಿದೆ.

"ನಹೀ ಆತಾ. ಘರ್ ಮೇ ಕೋಯಿ ಬೀಮಾರ್ ಹೈ?"

ಮನೆಯಲ್ಲಿ ಕಾಯಿಲೆಯವರು ಯಾರೂ ಇಲ್ಲ ಎಂದು ತಲೆಯಾಡಿಸಿ, ಸ್ಟ್ರೆಚರ್ ಹಿಡಿಯದ ಆ ಲಿಫ್ಟ್ ಬಿಟ್ಟು ಮೂರನೇ ಮಾಳಿಗೆಗೆ ಮೆಟ್ಟಿಲಲ್ಲೇ ಹತ್ತಿದೆ, ತಿರುವುಗಳನ್ನು ನೋಡಿಕೊಳ್ಳುತ್ತ. ಅಮ್ಮ ಕೇಳಿದ್ದನ್ನು ಗಂಡನಿಗೆ ಹೇಳಿದೆ. "ಎತ್ತಿಕೊಂಡು ಬರುವಾ," ಎಂದರು.

ಮುಂದಿನ ಮಳೆಗಾಲ ಮುಗಿಯುತ್ತಿದ್ದ ಹಾಗೆ, ಬೆಳಗಿನ ತಿಂಡಿಯ ಹೊತ್ತಿಗೆ ಹೋಮ್‌ನಿಂದ ಫೋನ್ ಬಂತು. ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡಿದ್ದ ಅಮ್ಮ ಹಾಗೆಯೇ ಒರಗಿದ್ದಳಂತೆ. ನಾವು ತಲುಪಿದಾಗ ಮ್ಯಾನೇಜರ್ ಹಿಂದಿನ ಗೇಟಿಗೆ ಆಂಬುಲೆನ್ಸ್ ಕರೆಸಿದ್ದಳು.

"ಮುಂದಿನ ಗೇಟಿಂದ ಕರ್ಕೊಂಡು ಹೋಗ್ತೇನೆ," ಎಂದೆ.

"ಬಾಕೀ ಲೋಗ್ ಡರ್ ಜಾತೇ ಹೈ, ಮೇಡಮ್." ಉಳಿದ ಮುದುಕರು ಹೆದರುತ್ತಾರೆ ಎಂದು ಅವಳ ಚಿಂತೆ.

"ಅವರಿಗೆ ಆಗಲೇ ಗೊತ್ತಾಗಿದೆ," ಎಂದೆ. ನನ್ನ ಮುಖ ನೋಡಿ ಅವಳು ಆಂಬುಲೆನ್ಸನ್ನು ಮುಂದಿನ ಗೇಟಿಗೆ ತರಲು ಹೇಳಿದಳು. ನಾವು ಹೊರಗೆ ಬರುವಾಗ ಜಗಲಿಯಲ್ಲಿ ಆರೇಳು ಗಾಲಿಕುರ್ಚಿಗಳಿದ್ದವು. ಯಾರೂ ಹೆದರಿರಲಿಲ್ಲ. ಕೈ ಮುಗಿದುಕೊಂಡು ಕೂತಿದ್ದರು.

ಐರೋಲಿಯಲ್ಲಿ ಗಂಡ ಮತ್ತು ನೆರೆಮನೆಯವರು ಸೇರಿ ಅವಳನ್ನು ಮೆಟ್ಟಿಲಲ್ಲಿ ಎತ್ತಿ ತಂದರು. ಹಗುರಾಗಿದ್ದಳು. ಸೋಫಾವನ್ನು ಹೊರಗೆ ಪ್ಯಾಸೇಜಿಗೆ ಹಾಕಿ, ಟೀಪಾಯಿಯನ್ನು ಅಡುಗೆಮನೆಗೆ ಸರಿಸಿ, ಚಾಪೆ ಹಾಸಿ ಮಲಗಿಸಿದೆವು. ಹಾಲ್ ಎಷ್ಟು ದೊಡ್ಡದಿದೆ ಎಂದು ನನಗೆ ಆಗ ಕಂಡಿತು. ಅವಳು ಮಲಗಿದ ಮೇಲೂ ಸುತ್ತ ಜಾಗವಿತ್ತು. ಒಂದು ಮಂಚ ಹಿಡಿಯುವಷ್ಟು ಜಾಗ. ಅದನ್ನು ನೋಡಿದ್ದೇ ನನಗೆ ಅಳು ತಡೆಯಲಾಗಲಿಲ್ಲ.

ಕೋಪರಿ ಕಟ್ಟಡದ ವಾಟ್ಸಾಪ್ ಗುಂಪಿಗೆ ಸುಮ್ಮನೆ ಒಂದು ಸುದ್ದಿ ಹಾಕಿದ್ದೆ. ಕಲ್ಯಾಣದಿಂದ ಬಂದರು, ಡೊಂಬಿವಲಿಯಿಂದ ಬಂದರು, ಬಾಡಿಗೆ ಮನೆಗಳಿಗೆ ಚದುರಿಹೋದವರೆಲ್ಲ ಟ್ರೇನು ಬದಲಿಸಿ ಬಂದರು. ಕಟ್ಟಡ ಬಿಟ್ಟ ಮೇಲೆ ಅವರೂ ಒಬ್ಬರನ್ನೊಬ್ಬರು ನೋಡುತ್ತಿದ್ದದ್ದು ಅಂದೇ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ "ಅರೇ, ನೀವು!" ಅನ್ನುವುದು, ಮರುಕ್ಷಣ ದನಿ ತಗ್ಗಿಸುವುದು. ಕೋಪರಿಯಲ್ಲಿ ನಮ್ಮ ಎದುರು ಬಾಗಿಲಿನಲ್ಲಿದ್ದ, ನಾವೆಲ್ಲ ವಹಿನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದವರು ಮಗನ ತೋಳು ಹಿಡಿದು ಬಂದರು, ಅಮ್ಮನ ತಲೆಯ ಹತ್ತಿರ ಕಷ್ಟಪಟ್ಟು ಕೂತರು. ಅವಳ ಹಣೆ ಸವರಿ "ಆತಾ ಜಿನೇ ಚಢಾಯಲಾ ನಕೋತ ಗ ತುಲಾ," ಎಂದರು. ಇನ್ನು ನೀನು ಮೆಟ್ಟಿಲು ಹತ್ತಬೇಕಾಗಿಲ್ಲ ಕಣೆ, ಎಂದು. ಒಂದು ಗಂಟೆ ಎಂದುಕೊಂಡದ್ದು ಮಧ್ಯಾಹ್ನ ಕಳೆಯುವವರೆಗೆ ಹೋಯಿತು. ಯಾರೂ ಅವಸರ ಮಾಡಲಿಲ್ಲ.

ಕ್ರಿಯೆಗಳು ಮುಗಿದ ಮೇಲೆ ಅವಳ ಸಾಮಾನು ತರಲು ಹೋಮ್‌ಗೆ ಹೋದೆ. ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿಟ್ಟಿದ್ದರು. ಆದರೂ ಕೋಣೆ ನೋಡಿ ಬರೋಣವೆಂದು ಮೇಲೆ ಹೋದರೆ, ಮಂಚದ ಮೇಲೆ ಬೇರೊಬ್ಬ ಅಜ್ಜಿ ಕೂತಿದ್ದರು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನನ್ನ ವಯಸ್ಸಿನ ಮಗ ಅವರ ಸೀರೆಗಳನ್ನು ಕಪಾಟಿನಲ್ಲಿ ಒಂದೊಂದಾಗಿ ಜೋಡಿಸುತ್ತಿದ್ದ, ಬೇಕೆಂದೇ ನಿಧಾನ ಮಾಡುವವನ ಹಾಗೆ. ನನ್ನನ್ನು ಅಲ್ಲಿಯವಳೇ ಎಂದುಕೊಂಡಿರಬೇಕು.

"ಇಥಲಂ ಜೇವಣ ಬರಂ ಅಸ್ತಂ ಕಾ, ತಾಈ?" ಎಂದು ಕೇಳಿದ. ಇಲ್ಲಿ ಊಟ ಚೆನ್ನಾಗಿರುತ್ತದೆಯೇ, ಅಕ್ಕಾ, ಎಂದು.

"ಹೋ," ಎಂದೆ, ಹೌದು ಎಂದು. "ಚೆನ್ನಾಗಿರುತ್ತದೆ," ಎಂದು ಅಜ್ಜಿಯ ಕಡೆ ತಿರುಗಿ ಕನ್ನಡದಲ್ಲೂ ಹೇಳಿದೆ, ಯಾಕೋ.