ವಾಪಸ್ ಬಂದ ಕರಡಿಗೆ

ನಮ್ಮ ತಾಳವಾಡಿ ಸೀಮೆಯಲ್ಲಿ ಕೊರೋನಾ ಈಗ ಕಾಯಿಲೆಯಲ್ಲ, ಕ್ಯಾಲೆಂಡರು. 'ಕೊರೋನಾದಲ್ಲಿ ಕೊರೆಸಿದ ಬೋರು', 'ಕೊರೋನಾದಲ್ಲಿ ಹುಟ್ಟಿದ ಹಸು', 'ಕೊರೋನಾದಲ್ಲಾದ ಮದುವೆ, ಊಟದ ಖರ್ಚೇ ಇಲ್ಲ'. ಎಲ್ಲರಿಗೂ ಆ ಕಾಲದಿಂದ ಏನಾದರೊಂದು ಸಿಕ್ಕಿದೆ. ನನಗೆ ಸಿಕ್ಕಿದ್ದು ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ನನ್ನ ಯಜಮಾನರ ವಾಚು, ಕನ್ನಡಕ, ಮತ್ತು ಅವರ ಲಿಂಗವಿದ್ದ ಬೆಳ್ಳಿಯ ಕರಡಿಗೆ. ಕವರಿನ ಮೇಲೆ ಆಸ್ಪತ್ರೆಯವರು ಯಾರೋ ತಮಿಳಿನಲ್ಲಿ 'ವೆಳ್ಳಿ ಡಾಲರ್' ಎಂದು ಬರೆದಿದ್ದರು. ಕೊರಳಲ್ಲಿ ನೇತಾಡುವುದೆಲ್ಲ ಅವರಿಗೆ ಡಾಲರೇ. ತಪ್ಪೇನಿಲ್ಲ. ಹಗಲೂ ರಾತ್ರಿ ಜನರನ್ನು ಕಟ್ಟಿ ಕಳಿಸುತ್ತಿದ್ದವರಿಗೆ ಥಿಯಾಲಜಿ ಓದುವ ಪುರುಸೊತ್ತು ಎಲ್ಲಿತ್ತು?

ನಾವು ಲಿಂಗ ಕಟ್ಟುವ ಜನ. ಕೂಸಾಗಿದ್ದಾಗ ಕಟ್ಟಿದ ಲಿಂಗ ಮೈ ಬಿಟ್ಟು ಹೋಗುವಂತಿಲ್ಲ. ಸತ್ತವರನ್ನು ಮಲಗಿಸುವುದಿಲ್ಲ, ಸುಡುವುದಿಲ್ಲ. ವಿಭೂತಿ ಬಳಿದು, ಕೂರಿಸಿ, ಎಡಗೈಯಲ್ಲಿ ಆ ಲಿಂಗ ಇಟ್ಟು, ಸ್ವಂತ ಹೊಲದ ಮಣ್ಣಿಗೆ ಇಳಿಸುತ್ತೇವೆ. ಊಟಿಯ ಕಾನ್ವೆಂಟಿನಲ್ಲಿ ಓದುವಾಗ ಇದನ್ನು ಹೇಳಿದ್ದಕ್ಕೆ ನಮ್ಮ ಸಿಸ್ಟರ್ ಹುಬ್ಬೇರಿಸಿ, "ಸಿಟ್ಟಿಂಗ್? ಹೌ ಅನ್‌ಕಂಫರ್ಟಬಲ್!" ಎಂದಿದ್ದರು. ಮದುವೆಯಾದ ಮೇಲೆ ಯಜಮಾನರಿಗೆ ಆ ಕತೆ ಹೇಳಿದೆ. ಬಿದ್ದು ಬಿದ್ದು ನಕ್ಕರು.

"ಮನಿಕಂಡ್ರೆ ನಿದ್ದೆ ಬಂದ್ಬುಡ್ತದೆ ಕಣಮ್ಮಿ. ಕೂತಿದ್ರೆ ಒಲದ ಮೇಲೆ ವಸಿ ಕಣ್ಣಾದ್ರೂ ಇಟ್ಟಿರ್ಬೋದು."

ಅವರಿಗೆ ಕಣ್ಣಿಡುವ ಅವಕಾಶ ಸಿಗಲಿಲ್ಲ. ನಕ್ಷೆಯಲ್ಲಿ ನಾವು ತಮಿಳುನಾಡು. ಗಡಿಯಾಚೆಯ ಚಾಮರಾಜನಗರ ನಾವು ಹೆಣ್ಣು ಕೊಡುವ, ಹೆಣ್ಣು ತರುವ, ಹಲ್ಲು ಕೀಳಿಸುವ ಊರು. ಆ ವರ್ಷ ಗಡಿಯ ರಸ್ತೆಗೆ ಬ್ಯಾರಿಕೇಡ್ ಬಿತ್ತು. ವೈರಸ್ಸಿಗೆ ಕರ್ನಾಟಕ, ತಮಿಳುನಾಡು ಎಂಬ ಭೇದವಿರಲಿಲ್ಲ. ಭೇದ ಇದ್ದದ್ದು ಆಂಬುಲೆನ್ಸಿಗೆ. ಆದ್ದರಿಂದ ಉಸಿರು ಸಿಗದ ಮನುಷ್ಯನನ್ನು ಕಾಡು ದಾಟಿಸಿ, ದಿಂಬದ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ತೂಗಾಡಿಸಿ, ಸತ್ಯಮಂಗಲದ ಆಸ್ಪತ್ರೆಯ ಕಡೆಗೆ ಇಳಿಸಿದರು. ನನ್ನನ್ನು ಹತ್ತಿಸಿಕೊಳ್ಳಲಿಲ್ಲ. ಬಾಗಿಲು ಹಾಕುವ ಮೊದಲು ಅವರು ಮಾಸ್ಕಿನೊಳಗಿಂದ, "ಒಲೆ ಮೇಲೆ ಆಲಿಟ್ಟಿದ್ದೀಯ, ನೋಡೋಗು" ಎಂದರು. ನಲವತ್ತು ವರ್ಷಕ್ಕೂ ಮೀರಿದ ಸಂಸಾರದ ಕೊನೆಯ ಡೈಲಾಗ್ ಅದು. ಸಿನಿಮಾದವರಾದರೆ ಇನ್ನೂ ಚೆನ್ನಾಗಿ ಬರೆಯುತ್ತಿದ್ದರು. ನಾನು ಒಳಗೆ ಹೋಗುವಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಬಳಿದುಕೊಂಡಿತ್ತು.

ಸಾವಿನ ಫೋನು ಬಂದ ಕೂಡಲೆ ನನ್ನ ಮೈದುನ ಗುದ್ದಲಿ ಹಿಡಿದು ಹೊಲಕ್ಕೆ ಹೋದ. ಯಾರನ್ನೂ ಏನೂ ಕೇಳಲಿಲ್ಲ. ಸತ್ತವರು ಮನೆಗೆ ಬರುತ್ತಾರೆ, ಬರುವ ಮೊದಲು ಗುಂಡಿ ತಯಾರಿರಬೇಕು, ಅದರಲ್ಲಿ ಕೇಳುವುದೇನಿದೆ? ಅಣ್ಣ ಕೂತರೆ ಎಷ್ಟೆತ್ತರ ಎಂದು ಅಂದಾಜು ಹಾಕಿ, ಮುಖ ಪೂರ್ವಕ್ಕೆ ಬರುವ ಹಾಗೆ ಒಳಗೆ ಗೂಡು ಕೊರೆದು, ಗೋಡೆಗಳನ್ನು ಕೈಯಲ್ಲೇ ನುಣ್ಣಗೆ ಸವರಿದ್ದ. ಆಮೇಲೆ ಇನ್ನೊಂದು ಫೋನು ಬಂತು. ಪ್ರೋಟೋಕಾಲ್ ಪ್ರಕಾರ ಅಲ್ಲೇ ಎಲ್ಲ ಮುಗಿದಿದೆ. ಮಲಗಿಸಿ, ಜಿಪ್ ಎಳೆದು, ಸುಟ್ಟು ಆಗಿದೆ. ಸರ್ಕಾರ ಹೆಣವನ್ನೂ ಇಟ್ಟುಕೊಳ್ಳಬಹುದು ಎಂಬ ಜನರಲ್ ನಾಲೆಡ್ಜ್ ನಮ್ಮ ಬೆಟ್ಟಕ್ಕೆ ಆವರೆಗೆ ಬಂದಿರಲಿಲ್ಲ. ಒಂದು ಮಡಕೆಯಲ್ಲಿ ಬೂದಿ ಕೊಟ್ಟರು. ಯಾರದ್ದೆಂದು ಕೇಳುವುದು ಬ್ಯಾಡ್ ಮ್ಯಾನರ್ಸ್. ತರಲು ಹೋದ ನೆಂಟರು ಅದನ್ನು ಭವಾನಿ ಹೊಳೆಗೆ ಬಿಟ್ಟು ಬಂದರು.

ಮೈದುನ ತೆಗೆದ ಗುಂಡಿಯನ್ನು ತಾನೇ ಮುಚ್ಚಿದ. ಒಳಗೇನೂ ಇಲ್ಲದ ಗುಂಡಿ ಯಾಕೋ ನಿಲ್ಲುವುದಿಲ್ಲ. ಪ್ರತಿ ಮಳೆಗೂ ಅಲ್ಲಿ ನೆಲ ತಗ್ಗುತ್ತದೆ. ಅವನು ಮಂಕರಿಯಲ್ಲಿ ಮಣ್ಣು ಹೊತ್ತು ತಂದು ಸುರಿಯುತ್ತಾನೆ. ರಾಗಿ ಬಿತ್ತುವಾಗ ಆ ಜಾಗವನ್ನು ಸುತ್ತಿ ಟ್ರ್ಯಾಕ್ಟರ್ ತಿರುಗಿಸುತ್ತಾನೆ. ಈ ಬಗ್ಗೆ ನಾವಿಬ್ಬರೂ ಮಾತಾಡಿದ್ದಿಲ್ಲ. ಒಂದೇ ಮನೆ, ಒಂದೇ ಒಲೆ, ಮಾತಾಡಲು ಕೋಸಿನ ರೇಟು ಇದೆಯಲ್ಲ.

ಆ ವರ್ಷ ದೀಪಾವಳಿ ಕಳೆದು ಗುಮಟಾಪುರದಲ್ಲಿ ಸಗಣಿ ಎರಚಾಡುವ ಹಬ್ಬ ಬಂದಾಗ, ಯಾರೋ ಭೂಪ "ಸೋಷಿಯಲ್ ಡಿಸ್ಟೆನ್ಸ್ ಇಟ್ಕಂಡು ಎಸೀರಪ್ಪ" ಎಂದನಂತೆ. ದೂರ ನಿಂತು ಮಾಡಬಹುದಾದ ಹಬ್ಬ ದೇಶದಲ್ಲಿ ಅದೊಂದೇ ಇರಬೇಕು. ಕೇಳಿ ನಗು ತಡೆಯಲಾಗಲಿಲ್ಲ. ಇದನ್ನು ಯಜಮಾನರಿಗೆ ಹೇಳೋಣವೆಂದು ನಡುಮನೆಗೆ ಎದ್ದು ಹೋದೆ. ಹೋಗಿ ನಿಂತೆ. ಆಮೇಲೆ, ಎದ್ದು ಬಂದಿದ್ದೇನಲ್ಲ ಎಂದು ಸುಮ್ಮನೆ ಫ್ಯಾನ್ ಆಫ್ ಮಾಡಿ ಬಂದೆ.

ಅಂದಿನಿಂದ ಬೆಳಿಗ್ಗೆ ನನಗೆ ಡಬಲ್ ಡ್ಯೂಟಿ. ನನ್ನ ಲಿಂಗದ ಪೂಜೆ ಮುಗಿಸಿ, ಅವರದನ್ನು ಅಂಗೈಗೆ ತೆಗೆದುಕೊಳ್ಳುತ್ತೇನೆ. ಅವರು ವಿಭೂತಿ ಹಚ್ಚುತ್ತಲೇ "ಕಾಫಿ ಆಯ್ತಾ?" ಎಂದು ಕೂಗುವ ಭಕ್ತರು. ನಾನೂ ಅವರ ಪಾಲಿನ ಪೂಜೆಯನ್ನು ಅಷ್ಟೇ ಅವಸರದಲ್ಲಿ ಮಾಡುತ್ತೇನೆ. ನಿಧಾನ ಮಾಡಿದರೆ ದೇವರಿಗೆ ಅನುಮಾನ ಬಂದೀತು.

ಈ ಸಲ ಮಳೆ ಶುರುವಾದಾಗ ತಾಳವಾಡಿಯ ಸಂಘವೊಂದರ ಸೆಕ್ರೆಟರಿ ಮನೆಗೆ ಬಂದರು. ಕೊರೋನಾದಲ್ಲಿ ತೀರಿಕೊಂಡವರಿಗೆ ಶ್ರದ್ಧಾಂಜಲಿ ಇಟ್ಟುಕೊಂಡಿದ್ದಾರಂತೆ. ಮದುವೆ, ಮಣ್ಣು ಎಲ್ಲ ಮಾಡಿಸುವ ನಮ್ಮ ಕುಲದ ಅಯ್ನೋರು ಆಗಲೇ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಮೈದುನ ಗುದ್ದಲಿಗೆ ಹೊಸ ಮರದ ಕಾವು ಹಾಕುತ್ತಿದ್ದ.

"ಅಮ್ಮ, ಸಾರ್ದೊಂದು ಪಾಸ್‌ಪೋರ್ಟ್ ಫೋಟೊ ಕೊಡಿ, ಫ್ಲೆಕ್ಸಿಗೆ. ನೀವು ದೀಪ ಅಂಟುಸ್ಬೇಕು. ಎರಡ್ ನಿಮಿಷ ಮೌನ, ಆಮೇಕೆ ಬೋಂಡ, ಕಾಫಿ."

"ಎರಡು ನಿಮಿಷ ಜಾಸ್ತಿ ಆಗಲ್ವೇನಪ್ಪ? ಎಲ್ಲರಿಗೂ ಕೆಲಸ ಇರ್ತದೆ."

"ಇಲ್ಲ ಅಮ್ಮ, ಅಡ್ಜಸ್ಟ್ ಮಾಡ್ಕತೀವಿ" ಎಂದರು, ಪಾಪ, ತುಂಬ ಸೀರಿಯಸ್ಸಾಗಿ.

ಅಯ್ನೋರು ಲೋಟ ಕೆಳಗಿಟ್ಟರು. "ಫೋಟ ಅಂಗಿರ್ಲಿ ಕಣವ್ವ. ಆ ಲಿಂಗ ಇನ್ನೂ ಮನೇಲೇ ಮಡಿಕಂಡಿದ್ದೀರಲ್ಲ? ಕಟ್ಟಿದೋರಿಲ್ದ ಲಿಂಗ ಮನೇಲಿರ್ಬಾರ್ದು. ಬರೋ ಅಮಾಸೆಗೆ ಒಳೆಗೆ ಬುಟ್ಬುಡನ."

ಪ್ರತಿ ವರ್ಷ ಹೇಳುತ್ತಿದ್ದರು. ಈ ಸಲ ಅಮಾವಾಸ್ಯೆಯನ್ನೂ ಗೊತ್ತುಮಾಡಿಕೊಂಡು ಬಂದಿದ್ದರು. ನನ್ನ ಕೈ ತಾನಾಗಿ ಸೆರಗಿನ ಗಂಟಿಗೆ ಹೋಯಿತು. ಕರಡಿಗೆ ಅಲ್ಲಿತ್ತು.

"ಬೂದಿನೂ ಹೊಳೆಗೆ, ಲಿಂಗಾನೂ ಹೊಳೆಗೆ. ಅವರಿಗೆ ಈಜು ಬರ್ತಿರಲಿಲ್ಲ ಬುದ್ಧಿ."

"ತಮಾಸೆ ಅಲ್ಲ ಕಣವ್ವ. ಅದು ಓಗ್ಬೇಕಾದ್ದು ಕಟ್ಟಿದೋರ ಕೈಯಾಗೆ."

"ಕೈ ವಾಪಸ್ ಕೊಡಲಿಲ್ಲವಲ್ಲ. ಡಾಲರ್ ಮಾತ್ರ ಕೊಟ್ಟರು."

ಸೆಕ್ರೆಟರಿಯವರು ಫೋನು ನೋಡತೊಡಗಿದರು. ನಾನು ಹೇಳಿಯೇ ಬಿಟ್ಟೆ: "ನಾನು ಹೋದಾಗ ನನ್ನ ಜೊತೆಗೇ ಇಳಿಸಿ. ನಮ್ಮ ಹೊಲದಲ್ಲೇ."

"ನಿಮ್ ಕೈಲಿ ನಿಮ್ ಲಿಂಗ ಇರ್ತದಲ್ಲ. ಒಂದ್ ಕೈಲಿ ಎರಡ್ ಮಡಗಂಗಿಲ್ಲ."

"ಎಡಗೈಲಿ ನನ್ನದಿರಲಿ. ಬಲಗೈ ಖಾಲಿನೇ ಇರ್ತದೆ. ಮದುವೆ ದಿನ ಅವರ ಕೈಗೆ ಕೊಟ್ಟದ್ದೂ ಅದೇ ಕೈಯನ್ನ."

"ಅಂಗೆಲ್ಲ ಶಾಸ್ತ್ರದಲ್ಲಿಲ್ಲ ಕಣವ್ವ."

"ಜಿಪ್ ಎಳ್ದು ಸುಟ್ಟುದ್ದು ಯಾವ್ ಶಾಸ್ತ್ರದಲ್ಲಿತ್ತು ಅಯ್ನೋರೆ?" ಎಂದ ಮೈದುನ, ತಲೆ ಎತ್ತದೆ. ಕಾವನ್ನು ಕಲ್ಲಿಗೆ ಕುಟ್ಟಿ ಗಟ್ಟಿ ಮಾಡಿದ. "ಅದೇ ಗುಂಡಿ ಆಯ್ತದೆ ಬುಡಿ, ಅತ್ಗೆ. ವಸಿ ಅಗಲ ತೆಗೀತೀನಿ."

ಜಗುಲಿಯಲ್ಲಿ ಮೌನ. ಎರಡು ನಿಮಿಷಕ್ಕೂ ಜಾಸ್ತಿಯೇ ಇತ್ತು, ಬೋಂಡ ಇಲ್ಲದೆ. ಅಯ್ನೋರು ತಣ್ಣಗಾದ ಕಾಫಿಯನ್ನು ಮುಗಿಸಿ, ಬಾಯಿ ಒರೆಸಿಕೊಂಡು, ನನ್ನ ಬಲಗೈಯನ್ನೇ ನೋಡಿದರು.

"ಬಲಗೈ ಅಂದ್ರೆ, ಬೆರಳ ಬಿಗಿಯಾಗಿ ಕಟ್ಬೇಕಾಯ್ತದೆ. ಜಾರೋಗ್ಬುಟ್ಟಾತು."

ಸೆಕ್ರೆಟರಿಯವರಿಗೆ ಫೋಟೊ ಕೊಟ್ಟೆ. ಫ್ಲೆಕ್ಸಿನಲ್ಲಿ ಯಜಮಾನರನ್ನು ಒಬ್ಬ ರಾಜಕಾರಣಿಯ ಮೊಣಕೈ ಹತ್ತಿರ ಹಾಕಿದ್ದರು, ಬೆಳ್ಳಗೆ ಮಾಡಿ, ಬದುಕಿದ್ದಾಗ ಎಂದೂ ಅಷ್ಟು ಬೆಳ್ಳಗಿದ್ದವರಲ್ಲ. ದೀಪ ಹಚ್ಚಿದೆ. ಬೋಂಡ ಚೆನ್ನಾಗಿತ್ತು.

ಈಗ ಮಳೆ ಜೋರಾಗಿದೆ, ಹೊಲದಲ್ಲಿ ಆ ಜಾಗ ಎಂದಿನಂತೆ ತಗ್ಗಿದೆ. ಮೈದುನ ಮಾತ್ರ ಈ ವರ್ಷ ಮಂಕರಿ ಮುಟ್ಟಿಲ್ಲ. ಯಾಕೆಂದು ಮೊದಲ ಸಲ ಕೇಳಿದೆ.

"ತಿರ್ಗ ತೆಗೀಬೇಕಲ್ಲ ಅತ್ಗೆ, ಯಾಕ್ ಸುಮ್ನೆ ತುಂಬೋದು?"

ನನ್ನ ಆರೋಗ್ಯದ ಮೇಲೆ ಅವನಿಗಿರುವ ನಂಬಿಕೆಗೆ ಥ್ಯಾಂಕ್ ಯು ಹೇಳಿ, ಕರಡಿಗೆಯನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡು, ಹಾಲು ಉಕ್ಕುವ ಮೊದಲು ಒಳಗೆ ಹೋದೆ.